ಕಂಕುಳ ಸೀಸೆ

ಡಾಕ್ಟರು ಹೇಳಿದ್ದು ಇಷ್ಟೇ: ನಿಮ್ಮ ವೀರ್ಯವನ್ನು ಶುದ್ಧವಾದ ಸೀಸೆಯಲ್ಲಿ ಹಿಡಿದು, ಮೈಶಾಖ ಆರದಂತೆ ಬೇಗ ತನ್ನಿ, ಹೇಗಿದೆಯೋ ನೋಡೋಣ. ಆದರೆ ಕಿಬ್ಬನಹಳ್ಳಿಯ ಏಕಾಂತಯ್ಯನ ಮನೆಯಲ್ಲಿ ಕೊಬ್ಬರಿ ಎಣ್ಣೆ ಕಾಣದ ಸೀಸೆ ಎಲ್ಲಿಂದ ಬರಬೇಕು? ಗೂಡಿನಲ್ಲಿದ್ದ ಒಂದನ್ನು ಬಗ್ಗಿಸಿ, ಪಂಚೆಯ ತುದಿಯಿಂದ ಒರೆಸಿಕೊಂಡ. ಆ ಸೀಮೆಯಲ್ಲಿ ಕೊಬ್ಬರಿ ಎಣ್ಣೆಯನ್ನು ಯಾರೂ ಕೊಳೆ ಎನ್ನುವುದಿಲ್ಲ.

ಮದುವೆಯಾಗಿ ಎಷ್ಟೋ ವರ್ಷವಾದರೂ ಸರ್ವಮಂಗಳಳ ಮಡಿಲು ತುಂಬಿರಲಿಲ್ಲ. ಮಗನಿಗೆ ಇನ್ನೊಂದು ಹೆಣ್ಣು ತರುತ್ತೇನೆಂದು ತಾಯಿ ಹಟ ಹಿಡಿದಿದ್ದಳು. ಮಾತುಕತೆಗೆ ಹಂದನಕೆರೆಯವರು ಅವತ್ತೇ ಬರುವವರಿದ್ದರು. ಏಕಾಂತಯ್ಯನಿಗೆ ಹೆಂಡತಿಯೆಂದರೆ ಪ್ರಾಣ. ಕೊರತೆ ತನ್ನದೇ ಎಂದು ಗೊತ್ತಾದರೆ ಅವಳಿಗೆ ಸವತಿ ಬರುವುದು ತಪ್ಪುತ್ತದೆ. ತನ್ನ ಬೀಜ ಕೆಟ್ಟಿರಲಿ ಎಂದು ದೇವರಲ್ಲಿ ಬೇಡಿಕೊಂಡ ಗಂಡಸು ಇವನೊಬ್ಬನೇ ಇರಬೇಕು.

ಶಾಖ ಆರದಂತೆ ಸೀಸೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಿದರೆ, ಪಕ್ಕದ ಮನೆಯ ತೋಂಟದಾರ್ಯ ಅಂಟಿಕೊಂಡು ಕೂತ. ಕಂಕುಳನ್ನು ಯಾಕೆ ಹಾಗೆ ಒತ್ತಿಕೊಂಡಿದ್ದೀಯ ಎಂದು ಕೇಳಿದ. ಕುರು ಎದ್ದಿದೆ ಎಂದು ಏಕಾಂತಯ್ಯ ಸುಳ್ಳು ಹೇಳಿದ್ದೇ ತಡ, ಬಸ್ಸಿನ ತುಂಬ ವೈದ್ಯರು ಹುಟ್ಟಿಕೊಂಡರು. ಒಬ್ಬ ಸುಣ್ಣ ಬೆಲ್ಲ ಹಚ್ಚು ಎಂದರೆ, ಹಿಂದಿನ ಸೀಟಿನವಳು ಈರುಳ್ಳಿ ಸುಟ್ಟು ಕಟ್ಟು ಎಂದಳು. ಕಂಡಕ್ಟರು ಎಲ್ಲಿ ತೋರಿಸಿ ಎಂದು ತೋಳನ್ನೇ ಎತ್ತಲು ಬಂದ. ತಿಪಟೂರಿನಲ್ಲಿ ಇಳಿದವನೇ ಏಕಾಂತಯ್ಯ ಕಂಕುಳು ಸಡಿಲಿಸದೆ ಡಾಕ್ಟರ ಬಳಿಗೆ ಓಡಿದ.

ಡಾಕ್ಟರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನವಿತ್ತು. ಹೆಣ್ಣಿನ ಅಂಡ ಏನೋ ಒಂದು ರಸ ಬಿಡುತ್ತದಂತೆ, ಬೀಜ ಅದರ ಜಾಡು ಹಿಡಿದು ಈಜಬೇಕಂತೆ ಎಂದು ಈಚೆಗೆ ಓದಿದ್ದನ್ನು ವಿವರಿಸಿದರು. ಚರಂಡಿಯ ಕ್ರಿಮಿಗೂ ಅಷ್ಟು ಗೊತ್ತು, ಸಕ್ಕರೆಯಿದ್ದ ಕಡೆ ಹೋಗುತ್ತದೆ, ವಿಷ ತಗುಲಿದರೆ ತಿರುಗಿಕೊಳ್ಳುತ್ತದೆ ಎಂದರು.

"ನಿಮ್ಮವು ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತುತಾ ಅವೆ ಕಣ್ರೀ. ಉಳಿದವು ಅಲ್ಲಾಡ್ತಾನೇ ಇಲ್ಲ. ಮಕ್ಕಳಾಗೋದು ಕಷ್ಟ."

ಏಕಾಂತಯ್ಯ ಕೈಮುಗಿದು, ಖಾಲಿ ಸೀಸೆಯನ್ನು ಜೇಬಿಗಿಳಿಸಿ, ಗೆದ್ದವನಂತೆ ಊರಿನ ಬಸ್ಸು ಹತ್ತಿದ.

ಮನೆಯ ಪಡಸಾಲೆ ತುಂಬಿತ್ತು. ಹಂದನಕೆರೆಯವರು ಚಾಪೆಯ ಮೇಲಿದ್ದರು, ಸೂಲಗಿತ್ತಿ ಕೊಲ್ಲಾಪುರಮ್ಮ ಬೆಲ್ಲದ ತಟ್ಟೆ ಹಿಡಿದು ನಿಂತಿದ್ದಳು. ತಾಯಿ ಏನೋ ಹೇಳಬಂದಳು. ಧೈರ್ಯ ಉಡುಗುವ ಮೊದಲೇ ಅವನು ತಡೆದ.

"ಮೊದ್ಲು ನನ್ನ ಮಾತು ಕೇಳಿ. ಕೊರತೆ ನಂದು. ಡಾಕ್ಟ್ರು ನೋಡವ್ರೆ, ನನ್ನಿಂದ ಮಕ್ಕಳಾಗಕ್ಕಿಲ್ಲ. ಮಂಗಳಂದೇನೂ ತಪ್ಪಿಲ್ಲ."

ಕೊಲ್ಲಾಪುರಮ್ಮ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಬೆಳಿಗ್ಗೆ ತಲೆ ಸುತ್ತಿ ಬಿದ್ಲು ಕಣಪ್ಪ. ನಾನೇ ನೋಡ್ದೆ. ಬಸುರಿ."

ಹಿಂದೆ ಎರಡು ಸಲ ಬಸುರೆಂದು ಆಸೆಪಟ್ಟು ಅತ್ತಿದ್ದ ಸರ್ವಮಂಗಳ, ಈ ಸಲ ಗಟ್ಟಿಯಾಗುವ ತನಕ ಗಂಡನಿಗೂ ಹೇಳಿರಲಿಲ್ಲ. ಈಗ ಎಲ್ಲರ ಕಣ್ಣೂ ಅವಳ ಹೊಟ್ಟೆಯ ಮೇಲಿತ್ತು. ಸರ್ವಮಂಗಳ ಮಾತ್ರ ಅವನ ಜೇಬನ್ನು ನೋಡುತ್ತಿದ್ದಳು.

"ಅದು ನನ್ನ ತಲೆ ಎಣ್ಣೆ ಸೀಸೆ ಅಲ್ವೇನ್ರೀ? ಅದ್ರಲ್ಲಾ ತಕ್ಕೊಂಡೋಗಿದ್ದು?"

ಏಕಾಂತಯ್ಯನಿಗೆ ಎಲ್ಲವೂ ಹೊಳೆಯಿತು. ಎಣ್ಣೆಯಿಂದ ಕೆಟ್ಟಿರಬೇಕು, ನಾಳೆಯೇ ಬೇರೆ ಸೀಸೆಯಲ್ಲಿ ಒಯ್ಯುತ್ತೇನೆ, ಮಗು ನನ್ನದೇ ಎಂದು ಒಬ್ಬೊಬ್ಬರ ಮುಂದೆಯೂ ನಿಂತು ಹೇಳಿದ. ಹಂದನಕೆರೆಯವರು ಮುಖ ನೋಡದೆ ಚಪ್ಪಲಿ ಮೆಟ್ಟಿಕೊಂಡರು. ಏಕಾಂತಯ್ಯನ ಹಿಂದೆಯೇ ಬಂದು ಎಲ್ಲ ಕೇಳಿಸಿಕೊಂಡ ತೋಂಟದಾರ್ಯ, ಊರಿಗೆ ಹೇಳಲು ಆಗಲೇ ಬಾಗಿಲಲ್ಲಿದ್ದ.

"ಯಾವ ಸೀಸೆ ತಂದು ಏನ್ಲಾ? ಊರ ಬಾಯಿಗೆ ಬಿರಡೆ ಹಾಕಕ್ಕಾಯ್ತದಾ, ಬುಡು," ಎಂದಳು ತಾಯಿ.

ಸರ್ವಮಂಗಳ ಗಂಡನ ಜೇಬಿನಿಂದ ಸೀಸೆಯನ್ನು ತೆಗೆದು ಗೂಡಿನಲ್ಲಿಟ್ಟಳು. ಆಮೇಲೆ ತವರಿಗೆ ಹೋಗಲು ಬಟ್ಟೆಯ ಗಂಟು ಕಟ್ಟತೊಡಗಿದಳು.