ಬಿಟ್ಟು ಓದಿದ ಪುಟ

ಶಿವಪ್ರಕಾಶನಿಗೆ ಆ ಭಾನುವಾರ ಒದಗಿದ ಕಷ್ಟಕ್ಕೆಲ್ಲ ಕಾರಣ ಒಂದೇ: ಅವನಿಗೆ ಕನ್ನಡ ಓದಲು ಬರುತ್ತಿತ್ತು. ಪುಣೆಯ ಖಡಕಿಯ ಆ ಕಟ್ಟಡದಲ್ಲಿ ಉಳಿದವರೆಲ್ಲ ಮರಾಠಿಯವರು. ಕನ್ನಡದ ಮನೆಗಳು ಎರಡೇ, ಗುಮಾಸ್ತ ಶಿವಪ್ರಕಾಶನದು ಒಂದು, ಎದುರು ಬಾಗಿಲಿನ ನಿವೃತ್ತ ಸುಬೇದಾರ ಹೊಳಬಸಪ್ಪನವರದು ಇನ್ನೊಂದು. ಶಿವಪ್ರಕಾಶನ ಹೆಂಡತಿ ಸಪ್ನಾ ಪುಣೆಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಗಂಡನನ್ನು ಬೈಯಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ.

ಸುಬೇದಾರರು ಸೈನ್ಯದಲ್ಲಿ ಸ್ನೈಪರ್ ಆಗಿದ್ದವರು. ಗಡಿಯ ಬೆಟ್ಟದ ಮೇಲೆ ಕಲ್ಲಿನ ಸಂದಿಯಲ್ಲಿ ದಿನಗಟ್ಟಲೆ ಮಲಗಿ, ದೂರದ ಒಬ್ಬನೇ ಮನುಷ್ಯನಿಗಾಗಿ ಕಾದು, ಒಂದೇ ಗುಂಡು ಹೊಡೆದು ಬರುವ ಕೆಲಸ. ಆ ಕೆಲಸಕ್ಕೆ ಮಾತು ಬೇಕಾಗಿರಲಿಲ್ಲ, ಹಾಗಾಗಿ ಮಾತಾಡುವ ರೂಢಿಯೇ ಬಿಟ್ಟುಹೋಗಿತ್ತು. ಅವರು ಇಡೀ ವರ್ಷ ಆಡುವ ಮಾತನ್ನು ಮರಾಠಿಯಲ್ಲಿ ಅತ್ತಿಗೆ ಎಂದು ಎಲ್ಲರೂ ಕರೆಯುವ ಪಕ್ಕದ ಮನೆಯ ಶೀತಲ್ ವಹಿನಿ ಹಾಲಿನ ಪಾಕೀಟು ಒಳಗೆ ತರುವಷ್ಟರಲ್ಲಿ ಆಡಿ ಮುಗಿಸುತ್ತಿದ್ದಳು. ಅಂಥ ಸುಬೇದಾರರು ಯುದ್ಧ, ಸಂಸಾರ ಎರಡನ್ನೂ ಸೇರಿಸಿ ದಪ್ಪನೆಯ ಪುಸ್ತಕ ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದರು! ಸಂಜೆ ಸೊಸೈಟಿಯ ಹಾಲ್‌ನಲ್ಲಿ ಅದರ ಬಿಡುಗಡೆ ಇತ್ತು.

ಬೆಳಿಗ್ಗೆ ಶಿವಪ್ರಕಾಶ ಇನ್ನೂ ಚಹಾ ಕುಡಿಯುತ್ತಿದ್ದ. ಸುಬೇದಾರರ ಹೆಂಡತಿ ಚನ್ನಬಸವ್ವ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಹಿಂದೆಯೇ ಶೀತಲ್ ವಹಿನಿ, ಯಾರೂ ಕರೆಯದಿದ್ದರೂ.

"ತಮ್ಮಾ, ನನಗ ಅಕ್ಷರ ಬರೂದಿಲ್ಲ. ಪೂರಾ ಬ್ಯಾಡ, ನಮ್ಮ ಗಂಗಿ ತೀರಿಕೊಂಡದ್ದು ಎಲ್ಲಿ ಬರತದ ನೋಡಿ ಅಷ್ಟ ಓದು" ಎಂದರು ಚನ್ನಬಸವ್ವ.

ಗಂಗಿ ಅವರ ಮೊದಲ ಮಗಳು. ಊರಿನಲ್ಲಿ ಜ್ವರ ಬಂದು ಮಲಗಿದ್ದಳು, ಕೂಡಲೇ ಬಾ ಎಂದು ಅಪ್ಪನಿಗೆ ತಾರು ಹೋಗಿತ್ತು. ಅಪ್ಪ ಬಂದದ್ದು ಮಣ್ಣಾದ ಮೇಲೆ.

"ತಾರು ತಡಾ ಆಗಿ ಮುಟ್ಟಿತು ಅಂದಿದ್ರು. ಖರೇನ ತಡಾ ಆಗಿತ್ತೇನು? ಅದೊಂದು ತಿಳಕೊಂಡ ಸಾಯಬೇಕು ನಾ."

ಶಿವಪ್ರಕಾಶ ಪುಟ ಹುಡುಕಿದ. ಮೊದಲು ಮನಸ್ಸಿನಲ್ಲೇ ಓದಿಕೊಂಡ. 'ತಾರು ವೇಳೆಗೆ ಸರಿಯಾಗಿಯೇ ಬಂತು. ಸಾಹೇಬರು ರಜೆ ಕೊಟ್ಟರು. ನಾನು ಹೋಗಲಿಲ್ಲ. ನಾನು ಕಾಯುತ್ತಿದ್ದ ಮನುಷ್ಯ ಮರುದಿನ ಹೊರಗೆ ಬರುವವನಿದ್ದ. ಬಂದ. ಹೊಡೆದೆ. ಮಗಳ ನೆನಪಾದದ್ದು ಆಮೇಲೆ.'

ಅವನು ಚಹಾದ ಕಪ್ಪು ಕೆಳಗಿಟ್ಟ. ಎದುರಿಗೆ ಆ ಮುದುಕಿಯ ಮುಖ. ಇದನ್ನು ಹೇಗೆ ಓದುವುದು? ಊರಿನಲ್ಲಿ ಅವನ ತಂದೆ ಓಣಿಯವರ ಪತ್ರಗಳನ್ನೆಲ್ಲ ಓದಿ ಹೇಳುತ್ತಿದ್ದರು. ಕೆಟ್ಟ ಸುದ್ದಿ ಬಂದರೆ ಅಷ್ಟನ್ನು ಬಿಟ್ಟು, ಅಲ್ಲಿ ತಮ್ಮದೊಂದು ಒಳ್ಳೆಯ ಮಾತು ಸೇರಿಸುತ್ತಿದ್ದರು. ಓಣಿಯಲ್ಲಿ ಯಾರೂ ಅದನ್ನು ಸುಳ್ಳು ಎಂದಿರಲಿಲ್ಲ.

"ತಾರು ಬಂದಾಗ ಹಿಮಾ ಬಿದ್ದು ದಾರಿ ಬಂದಾಗಿತ್ತು" ಎಂದು ಓದಿದ. "ನಾನು ಭಾಳ ಅತ್ತೆ."

"ಅತ್ತರಾ?" ಚನ್ನಬಸವ್ವ ಹುಬ್ಬೇರಿಸಿದರು. "ಇವರು?"

"ರಾತ್ರಿ ಬೆಳತನಾ ಅತ್ತಾರಂತ್ರಿ, ಕಾಕೂ."

"ಹಿಮಾ ಬಿದ್ರ ಏನಾತು? ರೇಷನ್ ತರೂ ಹೆಲಿಕಾಪ್ಟರ್ ಇರತಿತ್ತಲ್ಲ. ಅದರಾಗ ಬರಬಹುದಿತ್ತಲ್ಲ?"

ಹೆಲಿಕಾಪ್ಟರಿನ ವಿಚಾರ ಶಿವಪ್ರಕಾಶ ಮಾಡಿರಲಿಲ್ಲ. "ಅದ... ಸಾಹೇಬರು ಬಿಡಲಿಲ್ರಿ. ಕಾಲಿಗೆ ಬಿದ್ರೂ ರಜಾ ಕೊಡಲಿಲ್ಲಂತ."

"ಕಾಯ್ ಲಿಹಿಲಂಯ್? ಮರಾಠೀತ್ ಸಾಂಗಾ ನಾ, ಭಾವೂ!" ಎಂದು ಶೀತಲ್ ವಹಿನಿ ಅಂಗಿ ಹಿಡಿದು ಜಗ್ಗಿದಳು. ಏನು ಬರೆದಿದೆಯೆಂದು ಅವಳಿಗೆ ಮರಾಠಿಯಲ್ಲಿ ಹೇಳಿದ. ಹೇಳುವಾಗ ಸಾಹೇಬ ಇನ್ನಷ್ಟು ದುಷ್ಟನಾದ. ವಹಿನಿ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದಳು. ಊಟದ ಹೊತ್ತಿಗೆ ಕಟ್ಟಡದ ಪ್ರತಿಯೊಂದು ಮನೆಯೂ ಆ ಸಾಹೇಬನಿಗೆ ಶಾಪ ಹಾಕುತ್ತಿತ್ತು.

ಬಾಗಿಲು ದಾಟುವಾಗ ಚನ್ನಬಸವ್ವ ತಿರುಗಿ ನಿಂತರು. "ರಜಾ ಕೊಡದ ಆ ಕರ್ನಲ್ ಸಾಹೇಬರೇ ಇವತ್ತ ಸಂಜೀಕ ಪುಸ್ತಕ ಬಿಡುಗಡೆ ಮಾಡವರು. ಬರಲಿ. ಎಲ್ಲಾರ ಮುಂದ ಕೇಳತೀನಿ."

ಆ ಕರ್ನಲ್ ಇನ್ನೂ ಬದುಕಿದ್ದಾರೆಂದು ಶಿವಪ್ರಕಾಶನಿಗೆ ಯಾರು ಹೇಳಿದ್ದರು? ಇದೇ ಪುಣೆಯ ವಿಮಾನ ನಗರದಲ್ಲಿ ಮಗನ ಮನೆಯಲ್ಲಿ ಹಾಯಾಗಿದ್ದರಂತೆ!

ಮಧ್ಯಾಹ್ನ ಸುಬೇದಾರರು ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಶಿವಪ್ರಕಾಶ ಕೈ ಹೊಸಕುತ್ತ ಹೋಗಿ ನಿಂತ. "ಕಾಕಾ, ಬಿಸಲು ಭಾಳ ಅದ. ಸಾಹೇಬರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡಿಬಿಡ್ರಲ್ಲ."

"ಆಕಿಗೆ ಓದಿ ಹೇಳಿದೇನು?" ಎಂದು ಕೇಳಿದರು ಸುಬೇದಾರರು.

"ಹೇಳಿದೆ ರೀ."

"ನನಗೇನಂದ್ಲು?"

"ಏನೂ ಅನಲಿಲ್ರಿ."

"ಏನೂ ಅನಲಿಲ್ಲಾ?" ಸುಬೇದಾರರು ಎದ್ದು ನಿಂತು ಮತ್ತೆ ಕೂತರು. ಕಣ್ಣು ತುಂಬಿ ಬಂತು. ಅವನ ಕೈ ಹಿಡಿದು ಸುಮ್ಮನೆ ಅಲ್ಲಾಡಿಸಿದರು. ಯಾಕೆ ಎಂದು ಅವನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

"ಜ್ವರಾ ಬಂದದ ಅಂತ ಹೊಚ್ಚಿಕೊಂಡ ಮಲಕೋರಿ" ಎಂದಳು ಸಪ್ನಾ, ಅವನು ಮನೆಗೆ ಬಂದು ಎಲ್ಲ ಹೇಳಿದಾಗ. ಮಲಗಿದ. ಆದರೆ ಸಂಜೆ ಶೀತಲ್ ವಹಿನಿ ಬಂದು ಹೊದಿಕೆ ಎಳೆದು, ಹಣೆ ಮುಟ್ಟಿ ನೋಡಿ, ಕೈಹಿಡಿದು ಹಾಲ್‌ಗೆ ಕರೆದೊಯ್ದಳು. ಸಾಹೇಬನ ಮುಖದ ಮುಂದೆ ಪುಸ್ತಕ ಹಿಡಿದು ಓದಬಲ್ಲವನು ಬೇಕಲ್ಲ!

ಕರ್ನಲ್ ಕೋಲೂರಿಕೊಂಡು ಬಂದರು. ಹಣ್ಣು ಹಣ್ಣು ಮುದುಕ, ಕಿವಿಯಲ್ಲಿ ಯಂತ್ರ, ಮುಖದ ತುಂಬ ನಗು. ಯಾರೂ ನಮಸ್ಕಾರ ಮಾಡಲಿಲ್ಲ. ಹಾರ ಹಾಕಬೇಕಾದವಳು ಹಾರವನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಚನ್ನಬಸವ್ವ ನೇರ ಹೋಗಿ ಎದುರು ನಿಂತು, ಮರಾಠಿಯಲ್ಲಿ, ನನ್ನ ಮಗಳು ಸಾಯುವಾಗ ಇವರಿಗೆ ರಜೆ ಯಾಕೆ ಕೊಡಲಿಲ್ಲ ಎಂದು ಕೇಳಿದರು.

ಕರ್ನಲ್ ತಬ್ಬಿಬ್ಬಾದರು. ಕೊಟ್ಟಿದ್ದೆನಲ್ಲ ತಾಯಿ, ನಾನೇ ಗಾಡಿ ಹತ್ತಿಸಿದ್ದೆ, ಇವನೇ ಇಳಿದುಬಿಟ್ಟ, ಅದನ್ನೆಲ್ಲ ಬರೆದಿದ್ದೇನೆ ಎಂದು ಫೋನಿನಲ್ಲಿ ಹೇಳಿದನಲ್ಲ, ಎಂದರು.

ಎಲ್ಲರೂ ಶಿವಪ್ರಕಾಶನ ಕಡೆ ತಿರುಗಿದರು. ಸುಬೇದಾರರು ವೇದಿಕೆಯಿಂದ ಇಳಿದು ಬಂದರು. ಹೊಡೆಯುತ್ತಾರೆ ಎಂದುಕೊಂಡು ಅವನು ಕಣ್ಣು ಮುಚ್ಚಿದ. ಹೊಡೆದಿದ್ದರೆ ಚೆನ್ನಾಗಿತ್ತು.

"ನಿನಗ ಯಾರು ಬಿಟ್ಟು ಓದಂದ್ರು?" ಎಂದರು ಅವರು. "ಆಕಿ ಮುಂದ ಹೇಳಾಕ ನನಗ ಬಾಯಿ ಬರಲಿಲ್ಲ. ಅದಕ್ಕ ಬರದೆ. ಉಳದ ಪುಸ್ತಕೆಲ್ಲಾ ಸುಮ್ನ ಬರದದ್ದು, ಆ ಒಂದು ಪುಟಾ ಆಕಿ ಕಿವೀಗೆ ಬೀಳಲಿ ಅಂತ. ಆಕೀನ ನಿನ್ನ ಕಡೆ ಕಳಿಸಿದಂವಾ ನಾನ. ಏನೂ ಅನಲಿಲ್ಲ ಅಂದಿ. ಮಧ್ಯಾನ್ಹದಿಂದ ನಾ, ಆಕಿ ಸೈರಿಸಿಕೊಂಡ್ಲು ಅಂತ..."

ಮುದುಕನ ಇಡೀ ಬದುಕಿನ ಒಂದೇ ನೆಮ್ಮದಿಯ ಮಧ್ಯಾಹ್ನವನ್ನು ತಾನು ಸುಳ್ಳು ಹೇಳಿ ಕೊಟ್ಟು, ಈಗ ಕಿತ್ತುಕೊಂಡಿದ್ದೇನೆ ಎಂದು ಶಿವಪ್ರಕಾಶನಿಗೆ ಅರ್ಥವಾಯಿತು.

"ಓದು" ಎಂದರು ಚನ್ನಬಸವ್ವ, ಕುರ್ಚಿಯಲ್ಲಿ ಕೂರುತ್ತ.

ಓದಿದ. ಒಂದಕ್ಷರ ಬಿಡಲಿಲ್ಲ, ಸೇರಿಸಲಿಲ್ಲ. ಶೀತಲ್ ವಹಿನಿ ಮರಾಠಿಯಲ್ಲಿ ಹೇಳಿ ಎನ್ನಲಿಲ್ಲ. ಸುಬೇದಾರರು ಹೆಂಡತಿಯನ್ನೇ ನೋಡುತ್ತ ನಿಂತಿದ್ದರು, ಬೈಗುಳಕ್ಕೆ ಕಾಯುತ್ತಿರುವವರಂತೆ. ಆಕೆ ಗಂಡನ ಕಡೆ ನೋಡಲಿಲ್ಲ. ಶಿವಪ್ರಕಾಶನನ್ನು ಕೇಳಿದರು.

"ಆ ಮನಷ್ಯಾ... ಇವರು ಹೊಡದಂವಾ. ಅವಗ ಮಕ್ಕಳಿದ್ದುವೇನು?"

ಶಿವಪ್ರಕಾಶ ಪುಟ ತಿರುವಿದ. ಮುಂದಿನ ಅಧ್ಯಾಯ ಸೈನ್ಯದ ಅಡುಗೆಮನೆಯ, ಲಂಗರಿನ ಊಟದ ಮೇಲಿತ್ತು. ಹಿಂದಕ್ಕೆ ತಿರುವಿದ. "ಅದನ್ನ ಬರದಿಲ್ರಿ, ಕಾಕೂ."

"ಮತ್ತ ಬಿಟ್ಟೀ."

"ಇಲ್ರಿ, ದೇವರಾಣಿ! ಈ ಸಲ ಖರೇನ ಇಲ್ರಿ!" ಪುಟವನ್ನು ಅವರ ಮುಖದ ಮುಂದೆ ಹಿಡಿದ. ಅವರಿಗೆ ಅಲ್ಲಿ ಕಂಡದ್ದು ಕಪ್ಪು ಗೆರೆಗಳು. ಒಂದು ಮಾತು ಹೇಳಿರಿ ಎನ್ನುವಂತೆ ಸುಬೇದಾರರ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು.

ಚನ್ನಬಸವ್ವ ಅವನ ಕೈಯಿಂದ ಪುಸ್ತಕ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡು ಎದ್ದರು.

"ಪುಣೇದಾಗ ಕೊಂಢವಾ ಕಡೆ ನಮ್ಮ ಕನ್ನಡದವರು ಭಾಳ ಮಂದಿ ಇದ್ದಾರಂತ. ಯಾರರೆ ಖರೇ ಓದವರು ಸಿಗತಾರ" ಎಂದು ಹೇಳಿ, ರಿಕ್ಷಾ ಕರೆಯಲು ಶೀತಲ್ ವಹಿನಿಯನ್ನು ಮುಂದೆ ಕಳಿಸಿದರು.