ಒಂಬತ್ತನೆಯ ರೀಲನ್ನು ಕೊನೆಗೆ ಓಡಿಸಿದ ಕುರಿತು

ಸಂಖ್ಯೆ: ಪ್ರದ/ಹಾವೇರಿ/ಕಾಲ-9/2004-05
ದಿನಾಂಕ: 10-12-2004

ಇವರಿಗೆ: ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಎಲ್ಲ ಚಿತ್ರಮಂದಿರಗಳ ಆಪರೇಟರುಗಳು

ವಿಷಯ: ಕಾಲ ಹಿಂದಕ್ಕೆ ಹೋಗುವ ಚಿತ್ರಗಳಲ್ಲಿಯೂ ರೀಲುಗಳು ಮುಂದಕ್ಕೇ ಹೋಗುವ ಬಗ್ಗೆ.

ಉಲ್ಲೇಖ: ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಂಕ್ರಪ್ಪ ಇವರ ದೂರು.

1. ಹೊಸರಿತ್ತಿಯ ನಿವೃತ್ತ ಶಿಕ್ಷಕಿ ನಾಗರತ್ನಾ ಇವರ ಕಾದಂಬರಿ ಆಧರಿಸಿದ ಹದಿನಾಲ್ಕು ರೀಲಿನ ಚಿತ್ರವು ರಾಣೇಬೆನ್ನೂರಿನಲ್ಲಿ ದಿನಾಂಕ 5-11-2004ರ ಶುಕ್ರವಾರ ತೆರೆಕಂಡಿರುತ್ತದೆ. ನಾಯಕನು ಯಂತ್ರವೇರಿ 1956ಕ್ಕೆ ಹೋಗಿ, ತೀರಿಹೋದ ತಾಯಿಯ ಕೈಯಿಂದ ರೊಟ್ಟಿ ಉಂಡು (ಒಂಬತ್ತನೆಯ ರೀಲು), ಮರಳಿ ಬಂದು, ಯಂತ್ರ ಸುಟ್ಟುಹೋಗಿ, ಹಿಮದಲ್ಲಿ ಕುಣಿಯುವಲ್ಲಿಗೆ ಚಿತ್ರ ಮುಗಿಯತಕ್ಕದ್ದಾಗಿರುತ್ತದೆ.

2. ಆಟ ಬಿಟ್ಟ ಮೇಲೆ ಲೇಖಕಿಯು ಮೆಟ್ಟಿಲ ಮೇಲೆ ಒಬ್ಬರೇ ಕುಳಿತಿದ್ದು, ಇಪ್ಪತ್ತೆಂಟು ವರ್ಷ ಸೇವೆಯ ಆಪರೇಟರ್ ಬಾಬಾಜಾನ ಇವರು "ಯಾಕ್ರಿ ಅಕ್ಕೋರ, ಸಿನೆಮಾ ಮನಸ್ಸಿಗೆ ಸೇರಲಿಲ್ಲೇನು?" ಎಂದು ವಿಚಾರಿಸಲಾಗಿ, "ಅಂವಾ ಅವ್ವನ ಕಡೇನ ಉಳಕೊಂಡ ಅಂತ ಬರದಿದ್ದೆ, ಬಾಬಾಜಾನಣ್ಣ. ಈ ಸಿನೆಮಾದವರು ವಾಪಸ್ ಕರಕೊಂಡು ಬಂದು ಕುಣಿಸ್ಯಾರ" ಎಂದು ಲೇಖಕಿಯು ಉತ್ತರಿಸಿರುತ್ತಾರೆ. ಅಂದು ರಾತ್ರಿ ಸದರಿ ಬಾಬಾಜಾನ ಇವರು ಊಟದ ತಾಟು ಹಾಗೇ ಬಿಟ್ಟು ಎದ್ದರೆಂದು ಪತ್ನಿ ಜೈತೂನಬಿ ಲಿಖಿತವಾಗಿ ತಿಳಿಸಿರುತ್ತಾರೆ.

3. ಮರುದಿನ ಸದರಿಯವರು ಲೇಖಕಿಯನ್ನು ಮ್ಯಾಟಿನಿಗೆ ಹೇಳಿಕಳಿಸಿ ಕರೆಸಿ, ಒಂಬತ್ತನೆಯ ರೀಲನ್ನು ಎಲ್ಲಕ್ಕಿಂತ ಕೊನೆಗೆ ಓಡಿಸಿರುತ್ತಾರೆ. ಯಂತ್ರ ಸುಟ್ಟ ಮೇಲೂ ನಾಯಕ ತಾಯಿಯ ಮುಂದೆ ಕುಳಿತದ್ದನ್ನು ಕಂಡು ದೂರುದಾರರು ಎದ್ದುನಿಂತು "ಮಿಷನ್ ಇಲ್ದ ಹೆಂಗ ಹೋದ್ನ್ರಿ?" ಎಂದು ಆಕ್ಷೇಪಿಸಲಾಗಿ, ಹಿಂದಿನ ಸಾಲಿನಲ್ಲಿದ್ದ ಮೇಡ್ಲೇರಿಯ ಮುದುಕವ್ವ, "ಅವ್ವನ ಕಡೆ ಹೋಗಾಕ ಮಿಷನ್ ಯಾಕ ಬೇಕೋ ತಮ್ಮಾ? ಕುಂದ್ರು" ಎಂದು ಅಭಿಪ್ರಾಯಪಟ್ಟಿರುತ್ತಾರೆ. ದೂರುದಾರರು ಕುಳಿತಿರುತ್ತಾರೆ. ದೀಪ ಹತ್ತಿದ ಮೇಲೂ ಲೇಖಕಿ ಎದ್ದಿರುವುದಿಲ್ಲ.

4. ಆದುದರಿಂದ ಈ ಮೂಲಕ ಸೂಚಿಸಲಾಗಿದೆ:

(ಅ) ನಾಯಕನು ಯಾವ ಇಸವಿಗೆ ಹೋದರೂ ಒಂಬತ್ತರ ನಂತರ ಹತ್ತನೆಯ ರೀಲೇ ಬರತಕ್ಕದ್ದು.

(ಆ) ನಾಯಕನು 1956ರಿಂದ ತಡವಾಗಿ ಮರಳಿದ್ದನ್ನು ಮ್ಯಾಟಿನಿ ತಡವಾದದ್ದಕ್ಕೆ ಕಾರಣವೆಂದು ಪರಿಗಣಿಸಲಾಗುವುದಿಲ್ಲ.

(ಇ) ತಮ್ಮ ತಾಯಂದಿರನ್ನೂ ತೋರಿಸುವಂತೆ ಪ್ರೇಕ್ಷಕರು ಆಪರೇಟರಿಗೆ ಅರ್ಜಿ ಸಲ್ಲಿಸತಕ್ಕದ್ದಲ್ಲ. ಈಗಾಗಲೇ ಬಂದಿರುವ ಹನ್ನೊಂದು ಅರ್ಜಿಗಳನ್ನು ಕಡತದಲ್ಲಿ ಇರಿಸಲಾಗಿದೆ. ಅವುಗಳಲ್ಲಿ ಒಂದು ದೂರುದಾರರದು.

5. ಬಾಬಾಜಾನ ಇವರ ಪರವಾನಿಗೆಯನ್ನು ಒಂದು ದಿನ ಅಮಾನತಿನಲ್ಲಿಡಲಾಗಿತ್ತು. ಅಂದು ಅವರು ಮೊದಲ ಬಾರಿಗೆ ಪತ್ನಿಯ ಪಕ್ಕ ಕುರ್ಚಿಯಲ್ಲಿ ಕುಳಿತು ಸಿನೆಮಾ ನೋಡಿರುತ್ತಾರೆ. ಬದಲಿ ಆಪರೇಟರ್ ಗೋಣೆಪ್ಪ ಇವರೂ ಒಂಬತ್ತನ್ನೇ ಕೊನೆಗೆ ಓಡಿಸಿದ್ದು, ಕಾರಣ ಕೇಳಲಾಗಿ, "ಅದನ್ನ ತೋರಿಸೂತನಾ ಜನ ಏಳವಲ್ರು ಸಾಹೇಬ್ರ" ಎಂದಿರುತ್ತಾರೆ.

6. ಚಿತ್ರವು ಆರನೆಯ ವಾರಕ್ಕೆ ಕಾಲಿಟ್ಟಿರುವುದರಿಂದ, ಈ ಸುತ್ತೋಲೆಯು ಚಿತ್ರಮಂದಿರದಿಂದ ಚಿತ್ರವನ್ನು ಎತ್ತಿದ ಮಾರನೆಯ ದಿನದಿಂದ ಜಾರಿಗೆ ಬರುತ್ತದೆ.

ಸಹಿ/-
ಚಿತ್ರಪ್ರದರ್ಶನ ಪರಿಶೀಲನಾಧಿಕಾರಿ, ಹಾವೇರಿ
(ಚಿತ್ರವನ್ನು ಮೂರು ಬಾರಿ ಪರಿಶೀಲಿಸಿದ ನಂತರ)

ಪ್ರತಿಗಳು:
1. ಚಿತ್ರದ ನಿರ್ಮಾಪಕರು: ಮಾಹಿತಿಗಾಗಿ. ವಿಳಾಸ ಹುಡುಕಲಾಗುತ್ತಿದ್ದು, ಅವಸರವಿಲ್ಲ.
2. ಶ್ರೀಮತಿ ನಾಗರತ್ನಾ: ಮುಂದಿನ ಕಾದಂಬರಿಯಲ್ಲಿ ತಂದೆಯ ಬಗ್ಗೆಯೂ ಪರಿಶೀಲಿಸಲು ಕೋರಿ.
3. ಕಚೇರಿ ಪ್ರತಿ.