ಬೆಟ್ಟ, ಡೇರೆ ಮತ್ತು ಯಜಮಾನರ ಎರಡು ಕಾಲು

ನಮ್ಮ ಹಜಾರದ ಗೋಡೆಯಲ್ಲಿ ಒಂದು ದೊಡ್ಡ ಫೋಟೋ ಇದೆ. ಮನೆಗೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಅದರ ಮುಂದೆ ನಿಂತು ‘ಆಹಾ’ ಅನ್ನುತ್ತಾರೆ. ಆಮೇಲೆ ನಮ್ಮ ಯಜಮಾನರ ಕಡೆ ತಿರುಗಿ, “ನೀವೇ ತೆಗೆದಿದ್ದಾ ಸಾರ್?” ಅನ್ನುತ್ತಾರೆ. ಯಜಮಾನರು ಕತ್ತನ್ನು ಸ್ವಲ್ಪ ವಾಲಿಸಿ, ವಿನಯವೇ ಮೈವೆತ್ತಂತೆ ಮುಗುಳ್ನಗುತ್ತಾರೆ. ಆ ನಗು ಕಂಡಾಗಲೆಲ್ಲ ನನ್ನ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಗುತ್ತದೆ. ಏಕೆಂದರೆ ಆ ಫೋಟೋ ತೆಗೆದವಳು ನಾನು.

(ನೀವಾದರೂ ನಂಬಿ. ಮನೆಯಲ್ಲಿ ಯಾರೂ ನಂಬುವುದಿಲ್ಲ.)

ನಮ್ಮವರದು ಆಗ ಡ್ರೈವಿಂಗ್ ಸ್ಕೂಲು. ವರ್ಷವಿಡೀ ಊರಿನವರಿಗೆಲ್ಲ ನೇರ ದಾರಿ ಕಲಿಸುತ್ತಿದ್ದ ಮನುಷ್ಯ ರಜ ಬಂದೊಡನೆ ತಾವೇ ವಕ್ರದಾರಿ ಹಿಡಿಯುತ್ತಿದ್ದರು. ಅಂದರೆ ಬೆಟ್ಟದ ದಾರಿ. ಹೆಗಲಿಗೆ ಕ್ಯಾಮೆರಾ ಬಿತ್ತೆಂದರೆ ಸಂಸಾರ ಕಣ್ಣಿಗೆ ಬೀಳುತ್ತಿರಲಿಲ್ಲ. ಹೊರೆಯ ಹಂಚಿಕೆಯೂ ಬಹಳ ನ್ಯಾಯವಾಗಿತ್ತು: ಕ್ಯಾಮೆರಾ ಅವರಿಗೆ, ಉಳಿದದ್ದು ನನಗೆ. ಡೇರೆ, ಸ್ಟವ್, ಪಾತ್ರೆ, ಕಂಬಳಿ ಎಲ್ಲ ಹೇರಿಕೊಂಡು ಏದುಸಿರು ಬಿಡುತ್ತ ಹತ್ತುತ್ತಿದ್ದ ನನ್ನನ್ನು ತಿರುಗಿ ನೋಡಿ ಅವರು ಹೇಳುತ್ತಿದ್ದದ್ದು ಒಂದೇ ಮಾತು.

“ಲೇ, ಸ್ವಲ್ಪ ಪಕ್ಕಕ್ಕೆ ಸರಿ. ಕಣಿವೆ ಕಾಣ್ತಿಲ್ಲ.”

ಅವರ ಚಿತ್ರದಲ್ಲಿ ಮನುಷ್ಯರು ಬರಕೂಡದು. ಮನುಷ್ಯ ಬಂದರೆ ನಿಸರ್ಗ ಕೆಡುತ್ತದಂತೆ. ಹಾಗಾಗಿ ನಮ್ಮ ಆಲ್ಬಮ್ ತೆರೆದರೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು ಬೆಟ್ಟ. ಹೆತ್ತ ತಾಯಿ, ಕಟ್ಟಿಕೊಂಡ ಹೆಂಡತಿ, ಮುದ್ದಿನ ಮಗಳು ಯಾರೂ ಇಲ್ಲ. ನೋಡಿದವರು ಇದು ಯಾರೋ ಸನ್ಯಾಸಿಯ ಆಲ್ಬಮ್ ಎಂದುಕೊಳ್ಳಬೇಕು.

ಅತ್ತೆಯವರು ದಾರಿಯುದ್ದಕ್ಕೂ ಎರಡನ್ನು ಮಾತ್ರ ಹೊತ್ತು ಬರುತ್ತಿದ್ದರು: ತಮ್ಮ ಕಟ್ಟಿಸಿದ ಹಲ್ಲಿನ ಡಬ್ಬಿ, ಮತ್ತು ತಮ್ಮ ಅಭಿಪ್ರಾಯ.

“ಅಲ್ಲ ಕಣೋ, ಮನೇಲಿ ಹಾಸಿಗೆ ಇರೋವಾಗ ಕಲ್ಲಿನ ಮೇಲೆ ಮಲಗೋದಕ್ಕೆ ಇಷ್ಟು ದೂರ ಬರ್ಬೇಕಾ?”

“ಹಾಗಾದ್ರೆ ಮುಂದಿನ ವರ್ಷ ನೀನು ಮನೇಲೇ ಇರಮ್ಮ.”

“ಅಯ್ಯೋ, ನಾನಿಲ್ದೆ ನಿಮ್ಮನ್ನ ನೋಡ್ಕೊಳ್ಳೋರು ಯಾರು?”

ಆ ವರ್ಷ ಹೋದಾಗ ಮಗಳಿನ್ನೂ ಬಹಳ ಚಿಕ್ಕವಳು. ಎದುರಿಗೇ ಇದ್ದ ಶಿಖರ ಮೊದಲ ದಿನದಿಂದಲೂ ಮೋಡದ ಮುಸುಕು ಹೊದ್ದು ಮಲಗಿತ್ತು. ಮೋಡ ಸರಿಯುವುದನ್ನು ಕಾಯುತ್ತ ಕಾಯುತ್ತ ಯಜಮಾನರು ಮೋಡವನ್ನೇ ತೆಗೆದೂ ತೆಗೆದೂ ರೀಲನ್ನು ಹೆಚ್ಚುಕಡಿಮೆ ಮುಗಿಸಿದ್ದರು. ಹೊರಡುವ ದಿನ ಬೆಳಿಗ್ಗೆ ಉಳಿದದ್ದು ಒಂದೇ ಒಂದು ಫೋಟೋ. ಅದಕ್ಕಾಗಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ, ಕಂಬಳಿ ಹೊದ್ದು ತಪಸ್ಸಿಗೆ ಕುಳಿತರು. ಹಾಗೆ ನಿಸರ್ಗವನ್ನು ಕಾಯುತ್ತ ಕುಳಿತವರಿಗೆ ಸ್ವಲ್ಪ ಹೊತ್ತಿಗೆಲ್ಲ ನಿಸರ್ಗದ ಕರೆಯೇ ಬಂತು.

“ಲೇ, ಬಾ ಇಲ್ಲಿ, ಬೇಗ!” ಎಂದು ಕೂಗಿದರು. “ಈ ಬಟನ್ ಮೇಲೆ ಬೆರಳಿಡು. ಕ್ಲಚ್ ಮೇಲೆ ಕಾಲಿಟ್ಟ ಹಾಗೆ, ಹಗೂರಕ್ಕೆ. ಮೋಡ ಸರಿದ್ರೆ ಮಾತ್ರ ಒತ್ತು.”

“ಸರೀರೀ.”

“ಕ್ಯಾಮೆರಾ ಅಲ್ಲಾಡ್ಬಾರ್ದು.”

“ಸರೀರೀ.”

“ಉಸಿರಾಡ್ಬೇಡ.”

“ಬೇಗ ಬನ್ನಿ ಮತ್ತೆ. ನೀವು ಬರೋ ತನಕ ನಾನು ಬದುಕಿರ್ಬೇಕಲ್ಲ!”

ಅವರು ಬಂಡೆಯ ಹಿಂದೆ ಮರೆಯಾದರು. ನಾನು ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವಳು. ಬೆಳಗಿನಿಂದ ಸಂಜೆಯವರೆಗೆ ಠಸ್ಸೆ ಒತ್ತುವ ಕೈಗೆ ಒಂದು ಬಟನ್ ಒತ್ತುವುದು ಯಾವ ಮಹಾ ಎಂದು ಧೈರ್ಯವಾಗಿ ನಿಂತೆ.

ಆಗ ಮೋಡ ಸರಿಯಿತು.

ಹೇಗೆ ಹೇಳಲಿ? ಯಾರೋ ಮೆಲ್ಲಗೆ ಪರದೆ ಎಳೆದಂತೆ ಮೊದಲು ಒಂದು ಅಂಚು ಕಂಡಿತು, ಆಮೇಲೆ ಹೆಗಲು, ಕೊನೆಗೆ ಇಡೀ ಶಿಖರ ಎಳೆಬಿಸಿಲಿನಲ್ಲಿ ಆಗತಾನೇ ಮಿಂದು ಬಂದ ಹಾಗೆ ನಿಂತಿತ್ತು. ಇಷ್ಟು ವರ್ಷ ಇವರು ಏನನ್ನು ಹುಡುಕಿ ಅಲೆಯುತ್ತಿದ್ದರೆಂದು ನನಗೆ ಮೊದಲ ಬಾರಿ ಅರ್ಥವಾಯಿತು. ಅರ್ಥವಾದ ಸಂಭ್ರಮದಲ್ಲಿ ಬಟನ್ ಒತ್ತುವುದನ್ನೇ ಮರೆತೆ.

“ರೀ! ಮೋಡ ಸರೀತು!” ಎಂದು ಕಿರುಚಿದೆ.

ಯಜಮಾನರು ಬಂಡೆಯ ಹಿಂದಿನಿಂದ ನೆಗೆದು ಬಂದರು. ಒಂದು ಕೈ ಪ್ಯಾಂಟಿನ ಸೊಂಟದಲ್ಲಿ, ಇನ್ನೊಂದು ಕೈ ಆಕಾಶದಲ್ಲಿ. “ಒತ್ತೇ! ಒತ್ತೇ!” ಎಂದು ಕೂಗುತ್ತ ಓಡಿ ಬಂದವರ ಕಾಲಿಗೆ ಡೇರೆಯ ಹಗ್ಗ ಸಿಕ್ಕಿತು. ಅಷ್ಟು ಜನಕ್ಕೆ ಬ್ರೇಕ್ ಹಾಕುವುದನ್ನು ಕಲಿಸಿದ ಮಹಾಶಯರು ಬ್ರೇಕಿಲ್ಲದೆ ಹೋಗಿ ಡೇರೆಯ ಮೇಲೆ ಬಿದ್ದು, ಅದರ ಬಟ್ಟೆಯೊಳಗೆ ಸುತ್ತಿಕೊಂಡು, ಡೇರೆಯ ಸಮೇತ ಧರಾಶಾಯಿಯಾದರು.

ಅತ್ತೆಯವರು ಅಲ್ಲೇ ಹೊರಗೆ ಬಾಯಿ ಮುಕ್ಕಳಿಸುತ್ತಿದ್ದರು. ಹಲ್ಲು ಡಬ್ಬಿಯಲ್ಲಿತ್ತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಲ್ಲದೆ ನಗದ ಹೆಂಗಸು ಅವರು. ಆವತ್ತು ಹೊಟ್ಟೆ ಹಿಡಿದುಕೊಂಡು, ಬೊಚ್ಚುಬಾಯಿ ಅಗಲಿಸಿ, ಬೆಟ್ಟ ಮಾರ್ದನಿಗೊಡುವಂತೆ ನಕ್ಕರು. ಅವರ ಸೊಂಟ ತಬ್ಬಿಕೊಂಡು ಮಗಳೂ ನಕ್ಕಳು. ಏನಾಯಿತೆಂದು ನಾನು ಗಕ್ಕನೆ ತಿರುಗಿದೆ. ನನ್ನ ಜೊತೆ ಕ್ಯಾಮೆರಾವೂ ತಿರುಗಿತು. ಬೆರಳು ಮಾತ್ರ ಹೇಳಿದ ಜಾಗದಲ್ಲೇ ಇತ್ತು.

‘ಟಕ್’ ಎಂದಿತು. ರೀಲು ಮುಗಿಯಿತು.

“ಬಿತ್ತಾ?” ಎಂದು ಡೇರೆಯ ಒಳಗಿನಿಂದ ಅಶರೀರವಾಣಿ ಕೇಳಿತು.

“ನೀವಂತೂ ಬಿದ್ರಿ,” ಎಂದೆ. “ಫೋಟೋ ಬಿತ್ತೋ ಇಲ್ವೋ ತೊಳೆಸಿ ನೋಡ್ಬೇಕು.”

ಹಿಂದಿರುಗಿ ನೋಡಿದರೆ ಶಿಖರ ಮತ್ತೆ ಮುಸುಕೆಳೆದುಕೊಂಡಿತ್ತು. ಬಸ್ಸಿನಲ್ಲಿ ಊರು ಬರುವ ತನಕ ಯಜಮಾನರು ನನ್ನ ಜೊತೆ ಮಾತಾಡಲಿಲ್ಲ. (ಆ ಪ್ರಯಾಣ ಸುಖವಾಗಿತ್ತು ಎಂದು ಹೇಳಲೇಬೇಕು.)

ರೀಲು ತೊಳೆಸಿ ಮನೆಗೆ ತಂದಾಗ ಅವರ ಮುಖ ನೋಡಬೇಕಿತ್ತು. ಆ ಕೊನೆಯ ಫೋಟೋದಲ್ಲಿ ಶಿಖರ ಒಂದು ಮೂಲೆಯಲ್ಲಿ ಓರೆಯಾಗಿ ನಿಂತಿತ್ತು. ನಡುವೆ ಬೊಚ್ಚುಬಾಯಿಯ ಅತ್ತೆ, ಅವರಿಗೆ ಜೋತುಬಿದ್ದ ಮಗಳು. ಪಕ್ಕದಲ್ಲಿ ಕುಸಿದ ಡೇರೆ, ಅದರೊಳಗಿನಿಂದ ಆಕಾಶದ ಕಡೆಗೆ ಎದ್ದ ಎರಡು ಕಾಲು. ಹರಿದು ಬಿಸಾಡಲು ಹೊರಟಿದ್ದ ಯಜಮಾನರ ಕೈಯಿಂದ ಅತ್ತೆ ಅದನ್ನು ಕಿತ್ತುಕೊಂಡರು. ಹಲ್ಲಿಲ್ಲದ ಬಾಯಿಯ ಫೋಟೋ ತೆಗೆದಿದ್ದಕ್ಕೆ ನನಗೆ ಮಂಗಳಾರತಿ ಖಂಡಿತ ಎಂದುಕೊಂಡೆ. ಅತ್ತೆ ಮಾತ್ರ ಬಹಳ ಹೊತ್ತು ನೋಡಿದರು.

“ಇದನ್ನ ದೊಡ್ಡದು ಮಾಡ್ಸೋ ಮಗನೇ. ಎಷ್ಟು ಚೆನ್ನಾಗಿ ತೆಗ್ದಿದ್ದೀಯ!”

ಹುಟ್ಟಿದಾಗಿನಿಂದ ತಾಯಿಯ ಬಾಯಲ್ಲಿ ‘ಚೆನ್ನಾಗಿದೆ’ ಎಂಬ ಮಾತು ಕೇಳದಿದ್ದ ಮಗ ಏನೋ ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿದರು.

“ಅತ್ತೆ, ಅದನ್ನ ನಾನು...”

“ಒಲೆ ಮೇಲೆ ಹಾಲು ಉಕ್ತಿದೆ, ಹೋಗಿ ನೋಡಮ್ಮ.”

ಓಡಿದೆ. ಹಾಲು ಇಳಿಸಿ ಬರುವಷ್ಟರಲ್ಲಿ ಯಾವ ಗೋಡೆ ಎಂಬುದೂ ತೀರ್ಮಾನವಾಗಿತ್ತು.

ಆಮೇಲಿನದು ಕೇಳಬೇಡಿ. ಡ್ರೈವಿಂಗ್ ಕಲಿಯಲು ಬಂದವರೊಬ್ಬರು, “ಈ ಕಾಲು ಯಾರ್ದು ಸಾರ್?” ಎಂದರು.

“ನನ್ನದೇ.”

“ಮತ್ತೆ ಫೋಟೋ ತೆಗೆದಿದ್ದು?”

“ಸೆಲ್ಫ್ ಟೈಮರ್,” ಎಂದರು ನಮ್ಮವರು, ರೆಪ್ಪೆ ಬಡಿಯದೆ. “ಬಟನ್ ಒತ್ತಿ ಓಡಿ ಹೋಗಿ ಬಿದ್ದೆ. ಸಹಜವಾಗಿರ್ಲಿ ಅಂತ.”

ವರ್ಷ ಕಳೆದಂತೆ ಆ ಓಟಕ್ಕೆ ಇಳಿಜಾರು ಸೇರಿತು, ಎದುರುಗಾಳಿ ಸೇರಿತು. ಕೊನೆಕೊನೆಗೆ ಅವರೇ ಅದನ್ನು ನಂಬಿಬಿಟ್ಟರು.

ಅತ್ತೆ ಹಾಸಿಗೆ ಹಿಡಿದಾಗ ಹಜಾರದಲ್ಲೇ ಮಂಚ ಹಾಕಿಸಿಕೊಂಡರು. ಒಂದು ಮಧ್ಯಾಹ್ನ ಅವರ ತಲೆ ಬಾಚುತ್ತಿದ್ದೆ. ಗೋಡೆಯನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ, “ಅದನ್ನ ತೆಗ್ದೋಳು ನೀನು ಅಂತ ನಂಗೆ ಗೊತ್ತಿಲ್ವೇನೇ? ನಿನ್ನ ಗಾಬರಿ ಮುಖ ನೋಡ್ಕೊಂಡೇ ಅಲ್ವಾ ನಾನು ಅಷ್ಟು ನಕ್ಕಿದ್ದು!” ಎಂದರು.

“ಮತ್ತೆ ಇಷ್ಟು ವರ್ಷ ಯಾಕತ್ತೆ ಒಂದು ಮಾತೂ ಹೇಳ್ಲಿಲ್ಲ?”

“ನಿನ್ನದು ಅಂದಿದ್ರೆ ಹರಿದು ಬಿಸಾಕ್ತಿದ್ದ. ತನ್ನದು ಅಂದಿದ್ದಕ್ಕೆ ಗೋಡೆಗೇರಿಸ್ದ. ಮಗುವಿನ ನಗು, ನನ್ನ ನಗು ಉಳೀತು. ಸಾಕಲ್ವೇನಮ್ಮಾ?”

ನಾನು ಬಾಚುತ್ತ ಹೋದೆ. ಸಿಕ್ಕು ಬಿಡಿಸಲು ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.

ಈಗ ಅತ್ತೆ ಇಲ್ಲ. ಮೊನ್ನೆ ಮಗಳು ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಳು. ಯಜಮಾನರು ಮೊಮ್ಮಗಳಿಗೆ ಸೆಲ್ಫ್ ಟೈಮರ್ ಪುರಾಣ ಶುರು ಮಾಡಿದರು. ಎದುರುಗಾಳಿಯ ಘಟ್ಟ ಬರುವಷ್ಟರಲ್ಲಿ ನನ್ನ ಸಹನೆಯ ಕಟ್ಟೆ ಒಡೆಯಿತು.

“ಸುಳ್ಳು! ಅದನ್ನ ತೆಗೆದಿದ್ದು ನಾನು!”

ಮಗಳು ಫೋಟೋ ನೋಡಿದಳು, ನನ್ನನ್ನು ನೋಡಿದಳು. “ಅಮ್ಮಾ, ಆ ಸಲ ನೀನು ಬಂದೇ ಇರ್ಲಿಲ್ವಲ್ಲ?”

“ಏನಂದೆ?”

“ನೋಡು, ಅಜ್ಜಿ ಇದ್ದಾರೆ, ನಾನಿದ್ದೀನಿ, ಅಪ್ಪನ ಕಾಲಿದೆ. ನೀನೆಲ್ಲಿದ್ದೀಯ?”

“ಕ್ಯಾಮೆರಾ ಹಿಂದೆ ಇದ್ದೆ ಕಣೇ! ಆ ಡೇರೆ ಹೊತ್ತಿದ್ದು ಯಾರು? ಸ್ಟವ್ ಹೊತ್ತಿದ್ದು ಯಾರು? ರೀ, ನೀವಾದ್ರೂ ಹೇಳಿ!”

ಯಜಮಾನರು ಕನ್ನಡಕ ತೆಗೆದು, ಒರೆಸಿ, ಪ್ರಾಮಾಣಿಕವಾಗಿ ಯೋಚಿಸಿದರು. “ಹೌದಲ್ವಾ... ಆ ಸಲ ಇವಳಿಗೆ ಆಫೀಸಲ್ಲಿ ರಜ ಸಿಕ್ಕಿರ್ಲಿಲ್ಲ ಅಂತ ಕಾಣುತ್ತೆ.”

ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡ ಮೊಮ್ಮಗಳು ಓಡಿ ಬಂದು ನನ್ನ ಮಡಿಲೇರಿ, ಎರಡೂ ಕೈಯಲ್ಲಿ ಕೆನ್ನೆ ಒರೆಸಿದಳು.

“ಅಳ್ಬೇಡ ಅಜ್ಜಿ,” ಎಂದಳು. “ಇನ್ನೊಂದ್ಸಲ ಬೆಟ್ಟಕ್ಕೆ ಹೋಗೋವಾಗ ನಿನ್ನನ್ನೂ ಕರ್ಕೊಂಡು ಹೋಗು ಅಂತ ತಾತಂಗೆ ನಾನು ಹೇಳ್ತೀನಿ.”